ದನದ ಬಾಯಿ ನೋಡುವ ನಾವು, ನಮ್ಮ ಬಾಯಿ ನೋಡಿಕೊಂಡಿದ್ದೇವೆಯೇ?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು. ಎತ್ತಿನ ಮೈ ಸವರುವ ಮೊದಲೇ ರೈತನ ಕೈ ಅದರ ಬಾಯಿಗೆ ಹೋಗುತ್ತದೆ. ಕೆಳತುಟಿ ಇಳಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ ನೋಡದೆ ಯಾರೂ ಟವೆಲಿನಡಿ ಕೈ ಕೊಟ್ಟು ವ್ಯಾಪಾರಕ್ಕೆ ನಿಲ್ಲುವುದಿಲ್ಲ. ಹಲ್ಲು ಸವೆದಿದ್ದರೆ ಬೆಲೆ ಇಳಿಯಿತು ಅಂತಲೇ ಲೆಕ್ಕ. ಮೇಯಲಾರದ ದನ ದುಡಿಯಲಾರದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಆದರೆ ನಮ್ಮದೇ ಬಾಯಿಯನ್ನು ಕನ್ನಡಿ ಮುಂದೆ ತೆರೆದು ನೋಡಿ ಎಷ್ಟು ದಿನವಾಯಿತು? ಒಸಡು ಯಾವ ಬಣ್ಣಕ್ಕಿದೆ, ಹಿಂದಿನ ದವಡೆ ಹಲ್ಲು ಎಷ್ಟಿವೆ, ನಾಲಿಗೆಯ ಬುಡ ಹೇಗಿದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರವಿಲ್ಲ.

ಬಾಯಿ ವಾಸನೆಯ ಮಾತಂತೂ ಇನ್ನೂ ಕಷ್ಟ. ಕೊಟ್ಟಿಗೆಯಲ್ಲೇ ಇರುವವನಿಗೆ ಕೊಟ್ಟಿಗೆ ವಾಸನೆ ತಿಳಿಯದ ಹಾಗೆ, ನಮ್ಮ ಬಾಯಿ ವಾಸನೆ ನಮಗೆ ತಿಳಿಯುವುದಿಲ್ಲ. ತಿಳಿದವರು ಹೇಳುವುದಿಲ್ಲ. ಬಂಗಾರಪೇಟೆ ಕಡೆಯಿಂದ ಬೆಳಗಿನ ಗಾಡಿಯಲ್ಲಿ ಬೈಯಪ್ಪನಹಳ್ಳಿಗೆ ಬರುವಾಗ ನೋಡಿ. ಮಾಲೂರು ದಾಟಿದ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಮುಖಕ್ಕೆ ಮುಖ ತಾಗುವಷ್ಟು ಜನ. ಮಾತಿಗೆ ಶುರು ಮಾಡಿದವರು ನಿಧಾನಕ್ಕೆ ಕತ್ತು ತಿರುಗಿಸಿ ಕಿಟಕಿ ಕಡೆ ನೋಡತೊಡಗುತ್ತಾರೆ. ಕಿಟಕಿಯಾಚೆ ಏನೂ ಇರುವುದಿಲ್ಲ.

ನಮ್ಮ ಕಡೆಯ ಸೊಪ್ಪು ಬೆಳೆಯುವ ರೈತರೊಬ್ಬರ ವಿಷಯ ಹೇಳುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಎರಡು ವರ್ಷದಿಂದ ಹೊಟ್ಟೆ ಕೆಟ್ಟಿದೆ ಎಂದು ಮೆಡಿಕಲ್ ಸ್ಟೋರಿನಿಂದ ಗ್ಯಾಸಿನ ಮಾತ್ರೆ ತಂದು ನುಂಗುತ್ತಿದ್ದರು. ಕಾರಣ, ಬಾಯಿ ವಾಸನೆ. ಹೊಟ್ಟೆಯಲ್ಲಿ ಏನೋ ಕೊಳೀತಿದೆ ಎಂದು ಊರಲ್ಲಿ ಯಾರೋ ಹೇಳಿದ್ದರು. ಕೊನೆಗೆ ಮೊಮ್ಮಗು ಮಡಿಲಿಂದ ಇಳಿದು, "ತಾತ, ನಿನ್ನ ಬಾಯಿ ಗಬ್ಬು" ಎಂದು ಎಲ್ಲರೆದುರೇ ಹೇಳಿತು. ಮಗು ಬಿಟ್ಟರೆ ಇನ್ಯಾರು ಹೇಳುತ್ತಾರೆ? ಬೈಯಪ್ಪನಹಳ್ಳಿಯಲ್ಲಿರುವ ನೆಂಟರು ತಮ್ಮ ಬೀದಿಯ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಹೊಟ್ಟೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒಸಡಿನ ಒಳಗೆ ಕೀವು. ಮುಂದಿನ ನಾಲ್ಕು ಹಲ್ಲು ಅಲುಗಾಡುತ್ತಿದ್ದವು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆಯೂ ಇತ್ತು, ಅದು ಅವರಿಗೆ ಗೊತ್ತೇ ಇರಲಿಲ್ಲ.

ವಾಸನೆ ಎಲ್ಲಿಂದ?

ಹತ್ತು ಜನರ ಬಾಯಿ ವಾಸನೆಯಲ್ಲಿ ಎಂಟೊಂಬತ್ತು ಜನರದ್ದು ಬಾಯಿಯಲ್ಲೇ ಹುಟ್ಟಿದ್ದು. ಹೊಟ್ಟೆಯಿಂದ ಬರುವುದು ಬಹಳ ಕಡಿಮೆ. ಇದೊಂದು ತಿಳಿದರೆ ಅರ್ಧ ಮಾತ್ರೆ ಖರ್ಚು ಉಳಿಯಿತು.

ಹೇಗೆ ಹುಟ್ಟುತ್ತದೆ ಎಂಬುದನ್ನು ರೈತನಿಗೆ ವಿವರಿಸುವುದು ಪೇಟೆಯವರಿಗೆ ವಿವರಿಸುವುದಕ್ಕಿಂತ ಸುಲಭ. ತಿಪ್ಪೆಯನ್ನೇ ನೋಡಿ. ಗಾಳಿಯಾಡುವಂತೆ ಹದವಾಗಿ ಒಟ್ಟಿದ ತಿಪ್ಪೆ ನಾರುವುದಿಲ್ಲ, ಕಳಿತ ಗೊಬ್ಬರಕ್ಕೆ ಮಣ್ಣಿನ ವಾಸನೆ. ಅದೇ ಗುಂಡಿಯಲ್ಲಿ ಮಳೆನೀರು ನಿಂತು ಗಾಳಿ ಕಟ್ಟಿದರೆ ಮೂಗು ಬಿಡುವ ಹಾಗಿಲ್ಲ. ಗಾಳಿ ಬೇಕಾದ ಸೂಕ್ಷ್ಮಜೀವಿ ಬೇರೆ, ಗಾಳಿ ಬೇಡದ ಸೂಕ್ಷ್ಮಜೀವಿ ಬೇರೆ. ಎರಡನೇ ಜಾತಿಯವು ಕೊಳೆಸುವಾಗ ಗಂಧಕ ಬೆರೆತ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದೇ. ಬೆಂಗಳೂರಿನ ಪೂರ್ವದಲ್ಲಿ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, 2017ರ ಫೆಬ್ರುವರಿಯಲ್ಲಿ ಬೆಂಕಿಯನ್ನೂ ಕಂಡ ಕಾಲಕ್ಕೆ ಆ ದಂಡೆಯ ಮೇಲೆ ಓಡಾಡಿದವರಿಗೆ ಕೊಳಚೆ ನೀರಿನಲ್ಲಿ ಗಾಳಿ ಮುಗಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಬಾಯಿಯಲ್ಲೂ ಗಾಳಿಯಾಡದ ಜಾಗಗಳಿವೆ. ನಾಲಿಗೆಯ ಹಿಂಭಾಗದ ತರಿತರಿ, ಹಲ್ಲಿನ ಸಂದು, ಒಸಡು ಸಡಿಲವಾಗಿ ಆದ ಜೇಬು, ಹುಳುಕು ಹಲ್ಲಿನ ಗುಂಡಿ. ತಿಂದ ಅನ್ನದ ಅಗುಳು, ಸತ್ತ ಚರ್ಮದ ಪೊರೆ, ಒಸಡಿನಿಂದ ಒಸರಿದ ರಕ್ತ, ಇವೇ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಮೇವು. ಹೊರಬರುವುದು ಅದೇ ಗಂಧಕದ ಅನಿಲ.

ಇದನ್ನು ತೊಳೆಯಲು ದೇವರು ಕೊಟ್ಟ ಹನಿ ನೀರಾವರಿ ಜೊಲ್ಲು. ಹಗಲೆಲ್ಲ ಹರಿಯುತ್ತದೆ, ರಾತ್ರಿ ಮಲಗಿದಾಗ ಬಹುಪಾಲು ನಿಲ್ಲುತ್ತದೆ. ಬೆಳಗ್ಗೆ ಎದ್ದಾಗ ಎಲ್ಲರ ಬಾಯಿಯೂ ಸ್ವಲ್ಪ ವಾಸನೆ ಬರುವುದು ಇದಕ್ಕೇ, ಅದು ಕಾಯಿಲೆಯಲ್ಲ. ಹಲ್ಲುಜ್ಜಿ, ನೀರು ಕುಡಿದು, ತಿಂಡಿ ತಿಂದ ಮೇಲೂ ಉಳಿದರೆ ಮಾತ್ರ ಯೋಚಿಸಬೇಕು. ಬಾಯಿ ತೆರೆದು ಗೊರಕೆ ಹೊಡೆಯುವವರಿಗೆ, ಬಿಸಿಲಲ್ಲಿ ಮಧ್ಯಾಹ್ನದವರೆಗೆ ನೀರು ಕುಡಿಯದೆ ಕಳೆ ಕೀಳುವವರಿಗೆ, ಬೀಡಿ ಸೇದುವವರಿಗೆ ಬಾಯಿ ಹೆಚ್ಚು ಒಣಗುತ್ತದೆ. ಬಿ.ಪಿ.ಗೆ, ನಿದ್ದೆಗೆ ನುಂಗುವ ಕೆಲವು ಮಾತ್ರೆಗಳಿಂದಲೂ ಒಣಗುವುದುಂಟು.

ಇನ್ನೊಂದು ನಮ್ಮ ಸೀಮೆಯದ್ದೇ ವಿಶೇಷ. ರಾಗಿ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಅಗಿದು ತಿಂದವನನ್ನು ನೋಡಿ ನಗುತ್ತೇವೆ. ಮುದ್ದೆಯ ಮೇಲೆ ನನಗೇನೂ ದೂರಿಲ್ಲ. ಆದರೆ ದವಡೆ ಹಲ್ಲು ಒಂದೊಂದಾಗಿ ಹೋಗುತ್ತಿದ್ದರೂ ಊಟಕ್ಕೆ ತೊಂದರೆಯೇ ಆಗದೆ, ಹೋಗುತ್ತಿದೆ ಎಂಬುದೇ ನಮಗೆ ತಿಳಿಯುವುದಿಲ್ಲ. ಒಂದು ದಿನ ಕಡಲೆಕಾಯಿ ಬಾಯಿಗೆ ಹಾಕಿದಾಗ ಲೆಕ್ಕ ಸಿಗುತ್ತದೆ.

ಕಡ್ಡಿ ಹೋಯಿತು, ಜೊತೆಗೆ ನಾಲಿಗೆ ಹೆರೆಯುವುದೂ ಹೋಯಿತು

ನಮ್ಮ ಅಪ್ಪಂದಿರ ಕಾಲದಲ್ಲಿ ಬದುವಿನ ಬೇವೋ ಹೊಂಗೆಯೋ ಮುರಿದು, ತುದಿ ಅಗಿದು ಕುಂಚ ಮಾಡಿ ಉಜ್ಜುತ್ತಿದ್ದರು. ಉಜ್ಜಿದ ಮೇಲೆ ಆ ಕಡ್ಡಿಯನ್ನೇ ಎರಡಾಗಿ ಸೀಳಿ, ಬಾಗಿಸಿ ನಾಲಿಗೆ ಹೆರೆದು ಬಿಸಾಕುತ್ತಿದ್ದರು. ಹಲ್ಲಿಗೆ ಮತ್ತು ನಾಲಿಗೆಗೆ ಒಂದೇ ಕಡ್ಡಿ, ಕಾಸಿಲ್ಲ. ಬೇವಿನ ಕಹಿಗೆ ಜೊಲ್ಲು ಸುರಿಯುತ್ತಿತ್ತು, ಅದೂ ಒಂದು ಲಾಭ.

ಬ್ರಷ್ ಬಂತು. ಒಳ್ಳೆಯದೇ. ಆದರೆ ಸೀಳಲು ಕಡ್ಡಿ ಇಲ್ಲವಾದ್ದರಿಂದ ನಾಲಿಗೆ ಹೆರೆಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಬಿಟ್ಟೇ ಹೋಯಿತು. ಬಾಯಿ ವಾಸನೆಯ ದೊಡ್ಡ ಪಾಲು ಇರುವುದೇ ನಾಲಿಗೆಯ ಹಿಂಭಾಗದಲ್ಲಿ. ಬೆಳ್ಳಗೆ ಅಥವಾ ಹಳದಿಗೆ ಪೊರೆ ಕಟ್ಟಿರುತ್ತದಲ್ಲ, ಅದೇ. ಸ್ಟೀಲಿನದ್ದೋ ತಾಮ್ರದ್ದೋ ಒಂದು ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಒಂದು ತಂದರೆ ವರ್ಷಗಟ್ಟಲೆ ಬರುತ್ತದೆ. ಮನೆಮಂದಿಗೆಲ್ಲ ಒಂದೇ ಬೇಡ, ಅವರವರದ್ದು ಅವರವರಿಗೆ. ನಾಲಿಗೆ ಚಾಚಿ, ಆದಷ್ಟು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನಾಲ್ಕೈದು ಸಲ ಎಳೆದರೆ ಸಾಕು. ಕೆಲವರು ಬೀದಿಗೆಲ್ಲ ಕೇಳುವ ಹಾಗೆ ಓಕರಿಸುತ್ತಾ ರಕ್ತ ಬರುವವರೆಗೆ ಕೆರೆಯುತ್ತಾರೆ, ಅದು ಅನವಶ್ಯಕ ಶೌರ್ಯ.

ಬೇವಿನ ಕಡ್ಡಿಯನ್ನೇ ಬಳಸುವವರು ಬಳಸಲಿ. ಶಿವಾಜಿನಗರದ ಮಸೀದಿಗಳ ಬಳಿ ಮಿಸ್ವಾಕ್ ಕಡ್ಡಿ ಕಟ್ಟುಗಟ್ಟಲೆ ಮಾರುತ್ತಾರೆ. ಸರಿಯಾಗಿ ಉಪಯೋಗಿಸಿದರೆ ಅದು ಬ್ರಷ್‌ಗೆ ಹತ್ತಿರದ ಕೆಲಸ ಮಾಡುತ್ತದೆಂದು ಪರೀಕ್ಷಿಸಿ ನೋಡಿದವರು ಹೇಳಿದ್ದಾರೆ. ಕಡ್ಡಿಯ ತೊಂದರೆ ಎಂದರೆ ಅದು ಮುಂದಿನ ಹಲ್ಲಿಗೆ ಚೆನ್ನಾಗಿ ತಾಗುತ್ತದೆ, ದವಡೆಯ ಒಳಬದಿಗೆ ತಾಗುವುದಿಲ್ಲ. ಅಲ್ಲಿಗೆ ಬೇಕೆಂದೇ ತಿರುಗಿಸಿ ಉಜ್ಜಬೇಕು. ಮತ್ತೆ, ಔಷಧಿ ಹೊಡೆದ ತೋಟದ ಬದುವಿನ ಮರದ ಕಡ್ಡಿ ಮುರಿಯಬೇಡಿ. ಕಣಗಿಲೆಯಂಥ ವಿಷದ ಗಿಡದ ಕಡ್ಡಿ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಇನ್ನು ಇದ್ದಿಲು, ಬೂದಿ, ಇಟ್ಟಿಗೆ ಪುಡಿ. ಬೂದಿಗೂ ಬೂದಿಗೂ ವ್ಯತ್ಯಾಸವಿದೆ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಭತ್ತದ ಹೊಟ್ಟಿನಿಂದ ಆದದ್ದು, ನಾವು ಗದ್ದೆ ಬದುವಿಗೆ ಎಸೆಯುವ ಹೊಟ್ಟಿಗೆ ಮೈಸೂರು ಸೀಮೆಯ ಮನೆಮನೆಯಲ್ಲಿ ಬೆಲೆ ತಂದುಕೊಟ್ಟದ್ದು. ಅದು ನಯವಾಗಿ ಅರೆದ ಪುಡಿ. ಒಲೆಯಿಂದ ಬಾಚಿದ ತರಿ ಇದ್ದಿಲು, ಕುಟ್ಟಿದ ಇಟ್ಟಿಗೆ, ಮರಳು ಹಾಗಲ್ಲ. ದಿನಾ ಉಜ್ಜಿದರೆ ಒಸಡಿನ ಹತ್ತಿರ ಹಲ್ಲು ಕೊಡಲಿ ಏಟು ಬಿದ್ದ ಮರದಂತೆ ಕಚ್ಚು ಬೀಳುತ್ತದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರಿಗೆ ಒಂದು ಮಾತು ಸೇರಿಸಬೇಕು. ಅಲ್ಲಿನ ಎಷ್ಟೋ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಪಟ್ಟೆ ಮೂಡುತ್ತದೆ. ಅದು ಹಲ್ಲು ಬೆಳೆಯುವಾಗಲೇ ಒಳಗೆ ಸೇರಿದ ಕಲೆ. ಉಜ್ಜಿಲ್ಲ ಎಂದು ಮಗುವಿಗೆ ಬೈಯುವುದು, ಇಟ್ಟಿಗೆ ಪುಡಿಯಲ್ಲಿ ತಿಕ್ಕಿಸುವುದು ಎರಡೂ ಅನ್ಯಾಯ. ಆ ಕಲೆಗೂ ಬಾಯಿ ವಾಸನೆಗೂ ಸಂಬಂಧವಿಲ್ಲ. ಅಲ್ಲಿ ಬದಲಾಯಿಸಬೇಕಾದ್ದು ಕುಡಿಯುವ ನೀರು.

ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿದ ಹಾಗೆ

ನಮ್ಮ ಸೊಪ್ಪಿನ ರೈತರ ಬಾಯಿಯಲ್ಲಿ ಆದದ್ದು ಇದು. ಊಟವಾದ ಕೆಲವೇ ಗಂಟೆಯಲ್ಲಿ ಹಲ್ಲಿನ ಮೇಲೆ ಜಿಗುಟು ಪಾಚಿ ಕೂರತೊಡಗುತ್ತದೆ. ಬೆರಳಲ್ಲಿ ಉಜ್ಜಿದರೂ ಹೋಗುವಷ್ಟು ಮೆದು. ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಗಟ್ಟಿಯಾಗುತ್ತದೆ. ಗಡುಸು ನೀರಿನ ಬೋರ್‌ವೆಲ್ ಇರುವವರಿಗೆ ಇದು ಹೊಸದಲ್ಲ. ಡ್ರಿಪ್ ಲ್ಯಾಟರಲ್‌ಗಳ ಕೊನೆ ಬಿಚ್ಚಿ ಆಗಾಗ ನೀರು ಹಾಯಿಸಿದರೆ ಸರಿ. ಉದಾಸೀನ ಮಾಡಿದರೆ ಉಪ್ಪು ಕಟ್ಟಿ, ಆಮೇಲೆ ಆ್ಯಸಿಡ್ ಬಿಡದೆ ಬೇರೆ ದಾರಿಯಿಲ್ಲ. ಹಲ್ಲಿನ ಮೇಲೂ ಒಮ್ಮೆ ಗಟ್ಟಿಯಾದ ಮೇಲೆ ಯಾವ ಪೇಸ್ಟಿಗೂ ಬಗ್ಗದು. ಡಾಕ್ಟರೇ ಯಂತ್ರದಿಂದ ಬಿಡಿಸಬೇಕು.

ಪಾಚಿ ಒಸಡಿಗೆ ಒತ್ತಿಕೊಂಡು ಕೂತರೆ ಒಸಡು ಕೆಂಪಾಗಿ ಊದುತ್ತದೆ, ಬ್ರಷ್ ತಾಗಿದರೆ ರಕ್ತ. ಇಲ್ಲೇ ಹೆಚ್ಚಿನವರು ಉಲ್ಟಾ ದಾರಿ ಹಿಡಿಯುವುದು. ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಉಜ್ಜುತ್ತಾರೆ. ಪಾಚಿ ಇನ್ನೂ ಹೆಚ್ಚುತ್ತದೆ. ಮೆದು ಬ್ರಷ್ ಹಿಡಿದು ಅದೇ ಜಾಗವನ್ನು ನಿಧಾನವಾಗಿ ದಿನಾ ಎರಡು ಹೊತ್ತು ಉಜ್ಜಿದರೆ, ಬರೀ ಒಸಡು ಊದಿದ್ದಾಗ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಒಳಗೆ ಹೋಗಿದೆ ಎಂದರ್ಥ, ಆಗ ಡಾಕ್ಟರು. ಒಸಡು ಬಿಟ್ಟು, ಹಲ್ಲು ಹಿಡಿದಿರುವ ಮೂಳೆಯೂ ಕರಗಿದ ಮೇಲೆ ಹಲ್ಲು ಗಟ್ಟಿಯಿದ್ದೂ ಬೀಳುತ್ತದೆ. ಬೇರು ಕೊಳೆತ ಗಿಡಕ್ಕೆ ಎಲೆಗೆ ಗೊಬ್ಬರ ಹೊಡೆದರೇನು ಫಲ!

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಗಟ್ಟಿ. ಮೊದಲೇ ಸಡಿಲವಾಗಿದ್ದನ್ನು ಆ ಗಟ್ಟಿ ಪಾಚಿಯೇ ಗಾರೆ ಹಾಕಿದ ಹಾಗೆ ಹಿಡಿದಿರುತ್ತದೆ. ಬಿಡಿಸಿದಾಗ ಸತ್ಯ ಹೊರಬರುತ್ತದೆ, ಅಷ್ಟೆ.

ಸಕ್ಕರೆ ಕಾಯಿಲೆಯದ್ದು ಎರಡು ಕಡೆಯ ವ್ಯವಹಾರ. ಸಕ್ಕರೆ ಹೆಚ್ಚಿದ್ದರೆ ಒಸಡು ಬೇಗ ಕೆಡುತ್ತದೆ, ಒಸಡಿನ ಕೀವು ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಈ ರೈತರಿಗೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಯಿತು. ಎರಡು ಹಲ್ಲು ಹೋದವು, ಎರಡು ಉಳಿದವು. ವಾಸನೆ ತಿಂಗಳೊಳಗೆ ಇಳಿಯಿತು. ಈಗ ಮೊಮ್ಮಗು ಮಡಿಲಲ್ಲಿದೆ. ಅವರ ಹೆಂಡತಿ ಹೇಳಿದ್ದು ಮಾತ್ರ ನನಗೆ ಮರೆಯುವುದಿಲ್ಲ: "ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಹೆಂಗೆ ಹೇಳ್ಲಿ? ಗಂಡಸರು ಬೇಜಾರು ಮಾಡ್ಕೋತಾರೆ."

ಎಲೆಅಡಿಕೆ, ಕಡ್ಡಿಪುಡಿ

ಈ ಭಾಗ ಬರೆಯುವುದು ಸುಲಭವಲ್ಲ. ಓದುಗರಲ್ಲಿ ಅಡಿಕೆ ಬೆಳೆದೇ ಮಕ್ಕಳನ್ನು ಓದಿಸಿದವರಿದ್ದಾರೆ, ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆ ಮಾತುಕತೆ ಮುಗಿಯುವುದಿಲ್ಲ. ಆದರೂ ಗೊತ್ತಿದ್ದದ್ದನ್ನು ಮುಚ್ಚಿಡುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂಬಾಕು ಸೇರಿಸದ ಎಲೆಅಡಿಕೆಯನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಬ್ಬಕ್ಕೊಮ್ಮೆ ಹಾಕಿಕೊಳ್ಳುವವರ ಮಾತು ಬೇರೆ. ಬೆಳಗ್ಗೆ ಎದ್ದಾಗಿನಿಂದ ಕೆನ್ನೆಯಲ್ಲಿ ಒಂದು ಉಂಡೆ ಇಟ್ಟುಕೊಂಡೇ ಇರುವವರು ಯೋಚಿಸಬೇಕು. ಕೆನ್ನೆಯ ಒಳಚರ್ಮ ಬಿರುಸಾಗಿ, ಖಾರ ತಡೆಯದಾಗಿ, ಬರಬರುತ್ತಾ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಕೆಳಗೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತದೋ ನೋಡಿ. ಹೋಗದಿದ್ದರೆ ತಡಮಾಡಬೇಡಿ.

ತಂಬಾಕಿನದ್ದು ಅನುಮಾನವೇ ಇಲ್ಲದ ಮಾತು. ಹಲ್ಲುಪುಡಿ, ಪೇಸ್ಟಿಗೆ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಆದರೂ ಹಲ್ಲುನೋವಿಗೆ ಒಳ್ಳೆಯದು ಎಂದು ನಶ್ಯವನ್ನು ಒಸಡಿಗೆ ತಿಕ್ಕುವ ಅಜ್ಜಿಯರು ಇನ್ನೂ ಇದ್ದಾರೆ. ನೋವು ಮರಗಟ್ಟುತ್ತದೆ, ಕಾಯಿಲೆ ಒಳಗೇ ನಡೆಯುತ್ತಿರುತ್ತದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯಲ್ಲಿ ಒಂದು ಪೊಟ್ಟಣದ ಬದಲು ಎರಡು ಪೊಟ್ಟಣವಾಯಿತು, ಬೆರೆಸುವ ಕೆಲಸ ಮಾತ್ರ ಗಿರಾಕಿಗೆ ಬಂತು. ಬೀಡಿ, ಕಡ್ಡಿಪುಡಿ ಹಾಕುವವರ ಒಸಡಿನಲ್ಲಿ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುವುದುಂಟು, ಹಾಗಾಗಿ ಅದು ಗೊತ್ತಾಗುವುದೂ ತಡ. ವಾಸನೆ ಮುಚ್ಚಲು ಏಲಕ್ಕಿ, ಲವಂಗ ಅಗಿಯುವುದು ಗೊಬ್ಬರದ ಗುಂಡಿಯ ಮೇಲೆ ಮಲ್ಲಿಗೆ ಚೆಲ್ಲಿದಂತೆ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ನೋವಿಲ್ಲದಿದ್ದರೂ ತೋರಿಸಿ. ನೋವಿಲ್ಲ ಎಂದೇ ಎಷ್ಟೋ ಜನ ಬಿಟ್ಟಿರುತ್ತಾರೆ.

ದಿನದ ಕೆಲಸ

ಬೆಳಗ್ಗೆ ಎಲ್ಲರೂ ಉಜ್ಜುತ್ತಾರೆ. ರಾತ್ರಿ ಯಾರೂ ಉಜ್ಜುವುದಿಲ್ಲ. ಒಂದೇ ಹೊತ್ತು ಎಂದಾದರೆ ರಾತ್ರಿಯದನ್ನೇ ನಾನು ಮುಖ್ಯ ಎನ್ನುತ್ತೇನೆ, ಜೊಲ್ಲು ನಿಲ್ಲುವ ಹೊತ್ತಿಗೆ ಬಾಯಲ್ಲಿ ಮೇವು ಉಳಿಯಬಾರದು. ಸೊಪ್ಪು ಕಟ್ಟಿ ನಡುರಾತ್ರಿ ಗಾಡಿ ಹತ್ತುವವರಿಗೆ ಬೆಳಗಿನ ಶಾಸ್ತ್ರ ಸಾಗುವುದಿಲ್ಲ. ಕೆ.ಆರ್. ಪುರದ ಸಂತೆಗೆ ಬರುವವರು ಬಾಯಿ ಮುಕ್ಕಳಿಸದೆ ಕಾಫಿ, ಬೀಡಿಯಲ್ಲೇ ಹತ್ತು ಗಂಟೆ ಮಾಡುತ್ತಾರೆ. ಅಂಥವರು ರಾತ್ರಿ ಊಟದ ಮೇಲೆ ಉಜ್ಜಿಯೇ ಮಲಗಲಿ.

ಮೆದು ಕೂದಲಿನ ಬ್ರಷ್, ಕಡಲೆಕಾಳಿನಷ್ಟು ಪೇಸ್ಟ್, ಎರಡು ನಿಮಿಷ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ತುಂಬ ಪೇಸ್ಟ್ ಹಾಕಿದರೆ ಲಾಭ ಕಂಪನಿಗೆ ಮಾತ್ರ. ಒಸಡು ಮತ್ತು ಹಲ್ಲು ಕೂಡುವ ಗೆರೆಗೆ ಬ್ರಷ್ ಓರೆಯಾಗಿ ಹಿಡಿದು ಸಣ್ಣಗೆ ಆಡಿಸಬೇಕು, ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ಅಲ್ಲ. ಒಳಬದಿ ಮರೆಯಬೇಡಿ. ಕೂದಲು ಹರಡಿಕೊಂಡ ಬ್ರಷ್ ಎಸೆಯಿರಿ, ಮೂರು ತಿಂಗಳು ಅದರ ಆಯಸ್ಸು. ನಮ್ಮಲ್ಲಿ ಅದು ಆಮೇಲೆ ಸ್ಪ್ರೇಯರ್ ನಾಜಲ್ ತೊಳೆಯಲು ಹೋಗುತ್ತದೆ. ಹೋಗಲಿ, ಅಲ್ಲಿಂದ ವಾಪಸ್ ಬಚ್ಚಲಿಗೆ ಬರದಿದ್ದರೆ ಸಾಕು. ಸಣ್ಣ ಮಕ್ಕಳಿಗೆ ಪೇಸ್ಟ್ ಅಕ್ಕಿಕಾಳಿನಷ್ಟು, ನುಂಗದಂತೆ ಪಕ್ಕದಲ್ಲಿ ನಿಲ್ಲಿ.

ಸಂದಿಗೆ ಸಿಕ್ಕಿದ್ದನ್ನು ಪೊರಕೆ ಕಡ್ಡಿ, ಪಿನ್ನು, ಹೇರ್‌ಪಿನ್ನಿನಿಂದ ಕುಕ್ಕುವುದು ನಿಲ್ಲಿಸಬೇಕು. ಅದಕ್ಕೆಂದೇ ದಾರ ಸಿಗುತ್ತದೆ, ಸಂದಿಗೆ ಮೆಲ್ಲಗೆ ಇಳಿಸಿ ಎಳೆಯಬಹುದು. ಏನೂ ಇಲ್ಲದಿದ್ದರೆ ತಿಂದ ತಕ್ಷಣ ಬಾಯಿ ತುಂಬ ನೀರು ಹಾಕಿ ರಭಸವಾಗಿ ಮುಕ್ಕಳಿಸಿ, ಖರ್ಚಿಲ್ಲದ ಕೆಲಸ. ಒಸಡು ಊದಿದಾಗ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಕಟ್ಟಿಸಿದ ಹಲ್ಲಿನವರು ರಾತ್ರಿ ಅದನ್ನು ತೆಗೆದು, ಉಜ್ಜಿ, ನೀರಿನಲ್ಲಿ ಹಾಕಿಡಬೇಕು. ಅದರಲ್ಲೂ ಪಾಚಿ ಕಟ್ಟುತ್ತದೆ.

ನಿಮ್ಮ ಬಾಯಿ ಪರೀಕ್ಷೆ ನೀವೇ ಮಾಡಿಕೊಳ್ಳಬೇಕಾ? ಮುಂಗೈ ಒಳಬದಿಯನ್ನು ನಾಲಿಗೆಯಿಂದ ಒಮ್ಮೆ ನೆಕ್ಕಿ, ಹತ್ತು ಎಣಿಸುವಷ್ಟು ಒಣಗಲು ಬಿಟ್ಟು ಮೂಸಿ. ಅದಕ್ಕಿಂತ ಒಳ್ಳೆಯದು ಮನೆಯವರನ್ನು ಕೇಳುವುದು. ಕೇಳಿದ ಮೇಲೆ ಸಿಟ್ಟಾಗಬಾರದು, ಅದು ಕರಾರು.

ಎಲ್ಲ ಮಾಡಿಯೂ ವಾಸನೆ ಹೋಗದಿದ್ದರೆ ಮೂಗು, ಗಂಟಲು, ಎದೆಯ ಕಾಯಿಲೆ ಇರಬಹುದು. ಸಕ್ಕರೆ ಕಾಯಿಲೆಯವರ ಉಸಿರು ಕೊಳೆತ ಹಣ್ಣಿನ ಹಾಗೆ ಬಂದು, ವಾಂತಿ, ಸುಸ್ತು ಜೊತೆಗಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು, ಅದು ಪ್ರಾಣದ ವಿಷಯ.

ಎಲ್ಲಿಗೆ ಹೋಗುವುದು? ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಇದ್ದಾರಾ ಅಂತ ಮೊದಲು ವಿಚಾರಿಸಿ. ದೊಡ್ಡ ಕೆಲಸಕ್ಕೆ ಬೆಂಗಳೂರು ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆಸುಪಾಸಿನಲ್ಲೇ ಸರ್ಕಾರಿ ದಂತ ಕಾಲೇಜು ಇದೆ. ಹಲ್ಲೇ ಉಳಿಯದ ಬಡ ಹಿರಿಯರಿಗೆ ಕಟ್ಟುಹಲ್ಲು ಕೊಡುವ ದಂತಭಾಗ್ಯ ಯೋಜನೆ 2014ರಲ್ಲಿ ಶುರುವಾಗಿತ್ತು, ಕಾರ್ಡು ಹಿಡಿದುಕೊಂಡು ಹೋಗಿ ಕೇಳಿ. ರೈಲಿನಲ್ಲಿ ಬೈಯಪ್ಪನಹಳ್ಳಿಗೆ ಬಂದಿಳಿದವರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಬಹುದು, ಅಲ್ಲಿಂದ ನಡೆಯುವಷ್ಟೇ ದೂರ. ಮಾರ್ಕೆಟ್ಟಿಗೆ ಸೊಪ್ಪು, ಹೂವು ಹಾಕಲು ಬರುವವರಿಗೆ ಅದು ದಾರಿಯಲ್ಲೇ ಆಯಿತು. ಮಾಲು ಇಳಿಸುವುದು ನಸುಕಿಗೆ, ಹೊರರೋಗಿ ವಿಭಾಗ ತೆರೆಯುವುದು ಬೆಳಗಾದ ಮೇಲೆ. ಆ ನಡುವಿನ ಹೊತ್ತು ಕಳೆಯಲು ಎಲೆಅಡಿಕೆ ಹಾಕಿಕೊಂಡು ಕೂರಬೇಡಿ. ಬಾಯೆಲ್ಲ ಕೆಂಪಾಗಿದ್ದರೆ ಒಸಡಿನ ಬಣ್ಣ ಡಾಕ್ಟರಿಗೂ ಕಾಣುವುದಿಲ್ಲ.